ಒಂದನೆಯ ಭಾಸ್ಕರನ ಸೂತ್ರ ಮತ್ತು ಅದರ ಎಲ್ಲೆ

ಕ್ಷೇತ್ರದ, ಅಂದರೆ ಒಳಹಾಕುವ ಬೆಲೆಗಳ ಗುಂಪಿನ, ಪ್ರತಿಯೊಂದು ಬೆಲೆಗೂ ಒಂದೇ ಒಂದು ಉತ್ತರ ಕೊಡುವ ನಿಯಮ ಫಲನ. ಹಾಗೆ ಸಿಗುವ ಉತ್ತರಗಳೆಲ್ಲ ಸೇರಿ ವ್ಯಾಪ್ತಿ. ಪಿಯುಸಿ ಮೆಟ್ಟಿಲು ಹತ್ತಿದವರಿಗೆ ಇಷ್ಟು ಗೊತ್ತು. ಸೂತ್ರ ಅದೇ ಇದ್ದರೂ ಕ್ಷೇತ್ರ ಬದಲಾದರೆ ಫಲನವೇ ಬೇರೆಯಾಗುತ್ತದೆ ಎಂಬುದು ಮಾತ್ರ ಅಷ್ಟು ಬೇಗ ಮನದಟ್ಟಾಗುವುದಿಲ್ಲ. ಅದನ್ನು ತೋರಿಸಲು ಏಳನೆಯ ಶತಮಾನದ ಒಂದನೆಯ ಭಾಸ್ಕರ 'ಮಹಾಭಾಸ್ಕರೀಯ'ದಲ್ಲಿ ಕೊಟ್ಟ ಜ್ಯಾ (ಸೈನ್) ಸೂತ್ರಕ್ಕಿಂತ ಸೊಗಸಾದ ಉದಾಹರಣೆ ಸಿಗುವುದು ಕಷ್ಟ.

ಆರ್ಯಭಟ ಕಾಲು ವೃತ್ತವನ್ನು 24 ಭಾಗ ಮಾಡಿ ಜ್ಯಾ ಬೆಲೆಗಳ ಪಟ್ಟಿಗೆ ದಾರಿ ಮಾಡಿದ್ದ. ಪಟ್ಟಿಯೂ ಫಲನವೇ, ಆದರೆ ಅದರ ಕ್ಷೇತ್ರದಲ್ಲಿರುವುದು ಬಿಡಿ ಕೋನಗಳು ಮಾತ್ರ. ಭಾಸ್ಕರನಿಗೆ ಪಟ್ಟಿಯೇ ಬೇಡ. ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಅದೇ ಕೋನದಿಂದ ಗುಣಿಸಬೇಕು. ಈ ಗುಣಲಬ್ಧವನ್ನು 40500ರಿಂದ ಕಳೆದರೆ ಛೇದ. ಗುಣಲಬ್ಧದ ನಾಲ್ಕು ಪಟ್ಟು ಅಂಶ. ಕೋನ 30 ಡಿಗ್ರಿಯಾದರೆ ಗುಣಲಬ್ಧ 4500. 18000ವನ್ನು 36000ದಿಂದ ಭಾಗಿಸಿದರೆ ಕರಾರುವಾಕ್ಕಾಗಿ ಅರ್ಧ! 45 ಡಿಗ್ರಿಗೆ 0.7059 ಬರುತ್ತದೆ, ನಿಜವಾದ ಸೈನ್ 0.7071. ವರ್ಗಮೂಲವೂ ಇಲ್ಲದೆ ಇಷ್ಟು ಹತ್ತಿರ ಬರುವುದು ಬೆರಗಿನ ಸಂಗತಿ.

ಗುಣಲಬ್ಧ 8100ನ್ನು ಎಂದೂ ಮೀರದು. ಹಾಗಾಗಿ ಛೇದ 32400ಕ್ಕಿಂತ ಕೆಳಗಿಳಿಯದು, ಸೊನ್ನೆಯಂತೂ ಆಗದು. ಬೀಜಗಣಿತದ ಕಣ್ಣಿಗೆ ಎಲ್ಲ ವಾಸ್ತವ ಸಂಖ್ಯೆಗಳೂ ಕ್ಷೇತ್ರಕ್ಕೆ ಸಲ್ಲುತ್ತವೆ. ಆದರೆ 360 ಹಾಕಿದರೆ −2.46 ಬರುತ್ತದೆ, ಸೈನ್ −1ಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಸೂತ್ರ ಹುಟ್ಟಿದ್ದು ಅರ್ಧವೃತ್ತಕ್ಕಾಗಿ. ಕ್ಷೇತ್ರ 0ಯಿಂದ 180ರವರೆಗೆ ಇದ್ದಾಗ ವ್ಯಾಪ್ತಿ 0ಯಿಂದ 1ರವರೆಗೆ. ಎಲ್ಲ ಸಂಖ್ಯೆಗಳಿಗೂ ಬಾಗಿಲು ತೆರೆದರೆ ವ್ಯಾಪ್ತಿ −4ರ ತನಕ ಹಿಗ್ಗುತ್ತದೆ, −4 ಮಾತ್ರ ಸೇರುವುದಿಲ್ಲ. ಉತ್ತರವನ್ನು y ಎಂದು ಹಿಡಿದು ಗುಣಲಬ್ಧಕ್ಕಾಗಿ ಬಿಡಿಸಿದರೆ 40500y÷(4+y) ಸಿಗುತ್ತದೆ. y ಬೆಲೆ −4 ಆದಲ್ಲಿ ಇದರ ಛೇದ ಸೊನ್ನೆ.

30 ಮತ್ತು 150 ಎರಡಕ್ಕೂ ಉತ್ತರ ಅರ್ಧವೇ. ಫಲನಕ್ಕೆ ಅದರಿಂದ ಬಾಧಕವಿಲ್ಲ, ವಿಲೋಮ ಫಲನಕ್ಕಿದೆ. ಉತ್ತರದಿಂದ ಕೋನಕ್ಕೆ ಮರಳಬೇಕಾದರೆ ಕ್ಷೇತ್ರವನ್ನು 0ಯಿಂದ 90ಕ್ಕೆ ಮೊಟಕುಗೊಳಿಸಬೇಕು. ಆಗ 8100ರಿಂದ ಗುಣಲಬ್ಧವನ್ನು ಕಳೆದು, ಅದರ ವರ್ಗಮೂಲವನ್ನು 90ರಿಂದ ಕಳೆದರೆ ಕೋನ. ಅರ್ಧಕ್ಕೆ ಗುಣಲಬ್ಧ 4500, ವರ್ಗಮೂಲ 60, ಕೋನ 30. ಕಳೆಯುವ ಬದಲು ಕೂಡಿಸಿದರೆ 150 ಬರುತ್ತದೆ. ಅದು 90ರಿಂದ 180ರವರೆಗಿನ ಇನ್ನೊಂದು ಫಲನದ ವಿಲೋಮ.