ಅಡುಗೆಮನೆಯ ಕಪಾಟಿಗೆ ಯಾವ ಬಣ್ಣ?

ಹಳೆಯ ಅಡುಗೆಮನೆಯನ್ನು ನವೀಕರಿಸಹೊರಟ ಗೃಹಸ್ಥನು (ಅಲ್ಲಿ ನಿತ್ಯ ನಿಂತು ದುಡಿಯುವವರ ಅಭಿಪ್ರಾಯವನ್ನು ಕೇಳಿಯೇ ಹೊರಟಿದ್ದಾನೆಂದು ಭಾವಿಸೋಣ) ಅಂಗಡಿಯವನು ಮುಂದೆ ಹರಡುವ ಲ್ಯಾಮಿನೇಟ್ ತುಣುಕುಗಳ ವರ್ಣವೈಭವಕ್ಕೆ ಮರುಳಾಗುವ ಮುನ್ನ, 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗೃಹಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಪಾಕಶಾಲೆಯನ್ನು ಸ್ಮರಿಸುವುದು ಉಚಿತ. ಸುಮಾರು 10,000 ಮನೆಗಳಲ್ಲಿ ನೆಲೆಗೊಂಡ ಆ ಅಡುಗೆಮನೆಯ ಕಪಾಟುಗಳಿಗೆ ನೀಲಿ-ಹಸಿರು ಬಣ್ಣವನ್ನು ಬಳಿದುದು ಕೇವಲ ಸೌಂದರ್ಯಾರ್ಥವಾಗಿ ಅಲ್ಲ. ನೊಣಗಳು ನೀಲಿಯ ಮೇಲೆ ಕೂರಲೊಲ್ಲವೆಂಬ ನಂಬಿಕೆ ಅಂದಿನದು. ನಂಬಿಕೆ ನಿಜವೋ ಸುಳ್ಳೋ, ಬಣ್ಣವನ್ನು ಪ್ರಯೋಜನದಿಂದ ಅಳೆದ ಆ ದೃಷ್ಟಿ ಮಾತ್ರ ನನಗೆ ಪ್ರಿಯವಾದುದು.

ನಮ್ಮಲ್ಲಿ ನೊಣಕ್ಕಿಂತ ಒಗ್ಗರಣೆಯ ಚಿಂತೆ ಹಿರಿದು. ಎಣ್ಣೆಯ ಹೊಗೆಯೂ ಅರಿಸಿನದ ಕೈಯೂ ಸೋಕುವ ಒಲೆಯ ಆಸುಪಾಸಿನಲ್ಲಿ ಶುಭ್ರಶ್ವೇತವು ಬಲುಬೇಗ ಮಾಸಿದಂತೆ ತೋರುವುದು. ಹಾಗೆಂದು ಕಡುಗಪ್ಪನ್ನು ಆಶ್ರಯಿಸಿದರೆ, ವಿಶೇಷತಃ ಮಿರುಗುವ ಮೇಲ್ಮೈಯಲ್ಲಿ, ಬೆರಳಚ್ಚೂ ಅಕ್ಕಿಹಿಟ್ಟಿನ ಧೂಳೂ ನೀರಿನ ಕಲೆಯೂ ಸಾಕ್ಷಿ ನುಡಿಯುವುವು. ಆದುದರಿಂದ ಕೆಳಗಿನ ಕಪಾಟುಗಳಿಗೆ ಮಣ್ಣಿನ ಬಣ್ಣವನ್ನೋ ಬೂದುಹಸಿರನ್ನೋ, ಮೇಲಿನವುಗಳಿಗೆ ತಿಳಿಯಾದ ಕೆನೆಬಣ್ಣವನ್ನೂ ಕೊಡುವುದು ಲೇಸು. ಒಂದೇ ಕಿಟಕಿಯ ಕಿರುಕೋಣೆಯಲ್ಲಿ ತಿಳಿಬಣ್ಣವು ಬೆಳಕನ್ನು ಪ್ರತಿಫಲಿಸಿ ವಿಸ್ತಾರದ ಭ್ರಮೆಯನ್ನೂ ಹುಟ್ಟಿಸುವುದು. ಅಂಗಡಿಯ ದೀಪದಡಿಯಲ್ಲಿ ನಿರ್ಧರಿಸದೆ, ತುಣುಕನ್ನು ಮನೆಗೆ ತಂದು, ಅಡುಗೆಕಟ್ಟೆಯ ಗ್ರಾನೈಟಿನ ಪಕ್ಕದಲ್ಲಿ ನಿಲ್ಲಿಸಿ, ಬೆಳಗಿನ ಬಿಸಿಲಲ್ಲೊಮ್ಮೆ, ರಾತ್ರಿಯ ದೀಪದಲ್ಲೊಮ್ಮೆ ನೋಡತಕ್ಕದ್ದು.