ಆಟ್ಟಂ ವೇರ, ಸತ್ತಂ ವೇರ

ಚೆನ್ನೈಯ ಅಣ್ಣಾ ನಗರದ ಒಳಗೇ ಓಡಾಡಿಕೊಂಡಿದ್ದಷ್ಟು ದಿನ ನನ್ನ ಕಾರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಸೆಕೆಂಡ್ ಅವೆನ್ಯೂನ ಸಿಗ್ನಲ್‌ಗಳ ನಡುವೆ ವೇಗ 40 ದಾಟುವುದೇ ಅಪರೂಪ. ಬೆಂಗಳೂರಿಗೆ ಹೊರಟು, ಶ್ರೀಪೆರಂಬದೂರು ಕಳೆದು 90ಕ್ಕೆ ಬಂದಾಗ ಸ್ಟೇರಿಂಗ್ ನಡುಗತೊಡಗಿತು. ಜೊತೆಗೆ ಕೆಳಗೆಲ್ಲೋ ಗುಂಯ್ ಎನ್ನುವ ಸದ್ದು. ಎರಡಕ್ಕೂ ಒಂದೇ ಕಾರಣ ಎಂದುಕೊಂಡೆ. ಊರಿಗೆ ಮರಳಿದ ಮೇಲೆ ತಿರುಮಂಗಲಂ ಕಡೆಯ ಮೆಕ್ಯಾನಿಕ್ ಒಬ್ಬರು ನಕ್ಕುಬಿಟ್ಟರು: “ಆಟ್ಟಂ ವೇರ, ಸತ್ತಂ ವೇರ, ಸಾರ್.” ಕನ್ನಡದ ಕಿವಿಗೆ ‘ಸತ್ತಂ’ ಗಾಬರಿ ಹುಟ್ಟಿಸಿದರೂ ತಮಿಳಿನಲ್ಲಿ ಅದು ಬರೀ ಸದ್ದು. ಅಲ್ಲಾಟವೇ ಬೇರೆ, ಸದ್ದೇ ಬೇರೆ.

ಲೆಕ್ಕ ಹಾಕಿದರೆ ಅವರ ಮಾತು ಸರಿಯಾಗಿಯೇ ಇದೆ. 30 ಸೆಂಟಿಮೀಟರ್ ತ್ರಿಜ್ಯದ ಗಾಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ಸುತ್ತುತ್ತದೆ. ರಿಮ್ಮಿನ ಒಂದು ಕಡೆ 20 ಗ್ರಾಂ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಸುಮಾರು 3 ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಸುತ್ತಿಗೊಮ್ಮೆ ಹೊರಕ್ಕೆ ಜಗ್ಗುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಸಾಲದ್ದಕ್ಕೆ, ಸ್ಪ್ರಿಂಗು ಮತ್ತು ಟೈರಿನ ನಡುವೆ ಗಾಲಿ ತಾನಾಗಿ ಕುಣಿಯುವ ಲಯವೂ ಸೆಕೆಂಡಿಗೆ 10–15ರ ಆಸುಪಾಸಿನಲ್ಲೇ ಇರುತ್ತದೆ. ಎರಡೂ ಕೂಡಿದಾಗ ನಡುಕ ಜೋರಾಗುತ್ತದೆ. ವೇಗ ಇನ್ನೂ ಏರಿಸಿದರೆ ಕೆಲವು ಕಾರುಗಳಲ್ಲಿ ಕಡಿಮೆಯಾಗುವುದೂ ಉಂಟು. ನಮ್ಮ ಕಿವಿ ಸೆಕೆಂಡಿಗೆ 20ಕ್ಕಿಂತ ಕಡಿಮೆ ಕಂಪನವನ್ನು ಕೇಳಲಾರದು. ಹಾಗಾಗಿ ಈ ತೊಂದರೆ ಸಿಗುವುದು ಮೈಗೆ: ಮುಂದಿನ ಗಾಲಿಯದಾದರೆ ಸ್ಟೇರಿಂಗ್‌ನಲ್ಲಿ, ಹಿಂದಿನದಾದರೆ ಹೆಚ್ಚಾಗಿ ಸೀಟಿನಲ್ಲಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕನ್ನು ನೋಡಬೇಕು.

ಸದ್ದು ಹುಟ್ಟಿಸುವ ಗಾಲಿಯ ಬೇರಿಂಗ್‌ನ ಕತೆ ಬೇರೆ. ಒಳಬಳೆ, ಹೊರಬಳೆಗಳ ನಡುವೆ ಉರುಳುವ ಉಕ್ಕಿನ ಗುಂಡುಗಳು ಬಳೆಯನ್ನು ಮುಟ್ಟುವ ಜಾಗ ತೀರಾ ಕಿರಿದು. ಅಲ್ಲಿ ಚದರ ಸೆಂಟಿಮೀಟರಿಗೆ 10 ಸಾವಿರ ಕಿಲೋ ಮೀರಿದ ಒತ್ತಡ ಸಾಮಾನ್ಯ. ಭಾರ ಇಮ್ಮಡಿಯಾದರೆ ಗುಂಡಿನ ಬೇರಿಂಗ್‌ನ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ರಸ್ತೆಗುಂಡಿಗೆ ಧಡ್ ಎಂದು ಬಿದ್ದಾಗ ಬಳೆಯಲ್ಲಿ ಸಣ್ಣ ತಗ್ಗು ಮೂಡಬಹುದು. ಚೆನ್ನೈಯಲ್ಲಿ ಇನ್ನೊಂದು ಶತ್ರು ನೀರು. 2015ರ ಡಿಸೆಂಬರ್‌ನಂಥ ಮಳೆಯಲ್ಲಿ ಗಾಲಿ ಮುಳುಗುವಷ್ಟು ನೀರಿನಲ್ಲಿ ನಿಂತ ಕಾರಿನ ಸೀಲು ಸವೆದಿದ್ದರೆ ಗ್ರೀಸಿಗೆ ನೀರು ಬೆರೆಯುತ್ತದೆ, ಆಮೇಲೆ ತುಕ್ಕು. ಸದ್ದು ಶುರುವಾಗುವುದು ಮಳೆ ಮರೆತುಹೋದ ಎಷ್ಟೋ ತಿಂಗಳ ಮೇಲೆ.

ಹೊರಬಳೆಯಲ್ಲಿ ಒಂದು ತಗ್ಗಿದ್ದರೆ ಪ್ರತಿ ಗುಂಡೂ ಅದನ್ನು ಹಾಯುವಾಗ ಕುಟ್ಟುತ್ತದೆ. 12 ಗುಂಡುಗಳಿದ್ದರೆ ಗಾಲಿಯ ಒಂದು ಸುತ್ತಿಗೆ ಸುಮಾರು 5 ಪೆಟ್ಟು, 100ರ ವೇಗದಲ್ಲಿ ಸೆಕೆಂಡಿಗೆ 70ಕ್ಕೂ ಮಿಕ್ಕು. ಇದು ಕಿವಿಗೆ ಸಿಗುವ ಸಂಖ್ಯೆ.

ಸವೆದ ಟೈರು ಕೂಡ ಹೀಗೇ ಗುಂಯ್‌ಗುಡುತ್ತದೆ, ಅನುಭವಿಗಳೂ ಮೋಸಹೋಗುತ್ತಾರೆ. ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ದನಿ ಬದಲಾದರೆ ಟೈರಿನ ಮೇಲೆ ಅನುಮಾನ ಪಡಬೇಕು. ನ್ಯೂಟ್ರಲ್‌ಗೆ ಹಾಕಿದರೂ ಸದ್ದು ಹಾಗೇ ಇದ್ದರೆ ಎಂಜಿನ್ನಿನ ತಪ್ಪಿಲ್ಲ. ಅಗಲವಾದ ತಿರುವಿನಲ್ಲಿ ಎಡಕ್ಕೆ ತಿರುಗಿದಾಗ ಕಾರಿನ ಭಾರ ಬಲಗಡೆಗೆ ವಾಲುತ್ತದೆ. ಆಗ ಗುಂಯ್ ಏರಿದರೆ ಸಾಮಾನ್ಯವಾಗಿ ಬಲಗಾಲಿಯ ಬೇರಿಂಗ್ ಹೋಗಿದೆ ಎಂದರ್ಥ.

ಆ ಮೆಕ್ಯಾನಿಕ್ ಮಾಡಿದ್ದು ಇನ್ನೂ ಸರಳ. ಗಾಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಆಟ ಸಿಕ್ಕಿತು. ನನ್ನನ್ನು ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿದರು; ಆಟ ನಿಂತುಹೋಯಿತು, ಅಂದರೆ ಸಡಿಲ ಬೇರಿಂಗ್‌ನಲ್ಲೇ. ಕೊನೆಗೆ ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಾ ಇನ್ನೊಂದನ್ನು ಸ್ಪ್ರಿಂಗಿನ ಮೇಲಿಟ್ಟು, ನನ್ನ ಬೆರಳನ್ನೂ ಅಲ್ಲಿಗೆ ಎಳೆದರು. ರಾಗಿ ಬೀಸುವಾಗ ಕಲ್ಲಿನ ಗೂಟದಲ್ಲಿ ಸಿಗುವಂಥ ಗೊರಗೊರ.

ಈಗಿನ ಬೇರಿಂಗ್ ಸೀಲು ಮಾಡಿ ಮುಚ್ಚಿದ್ದು, ಬಿಚ್ಚಿ ಗ್ರೀಸ್ ತುಂಬುವ ಮಾತಿಲ್ಲ. ಬಲಗಡೆಯದನ್ನು ಪೂರ್ತಿ ಬದಲಿಸಿದರು. ಗುಂಯ್ ನಿಂತಿತು. ನಡುಕ ನಿಲ್ಲಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಎಡಗಾಲಿಯ ರಿಮ್ಮಿಗೆ ಬಡಿದ 25 ಗ್ರಾಂನ ಒಂದು ಚೂರು.