ಕರಿಬೇವಿನ ಹುಳವನ್ನು ಕೊಲ್ಲುವ ಮುನ್ನ

ಊರು ಬಿಟ್ಟು ಬಂದ ಕನ್ನಡಿಗರ ಮನೆಯಲ್ಲಿ ಬೇರೇನಿಲ್ಲದಿದ್ದರೂ ಒಂದು ಕರಿಬೇವಿನ ಗಿಡವಿರುತ್ತದೆ. ಅಂಗಳವಿದ್ದವರಿಗೆ ಅಂಗಳದಲ್ಲಿ, ಇಲ್ಲದವರಿಗೆ ಗ್ಯಾಲರಿಯಲ್ಲಿಟ್ಟ ಹಳೆಯ ಡಬ್ಬದಲ್ಲಿ. ಇಲ್ಲಿನ ಜನ ಇದಕ್ಕೆ ‘ಮೀಠೋ ಲೀಮಡೋ’ ಎನ್ನುತ್ತಾರೆ. ನಮ್ಮ ನವರಂಗಪುರದಲ್ಲಿ ಮಳೆ ಹಿಡಿದು ಕೆಲವು ವಾರಗಳಾದ ಮೇಲೆ, ಒಂದು ಬೆಳಿಗ್ಗೆ ಒಗ್ಗರಣೆಗೆಂದು ಹೋದರೆ ಎಳೆ ಚಿಗುರೇ ಮಾಯವಾಗಿರುತ್ತದೆ. ಹುಡುಕಿದರೆ ಹುಳ ಸಿಗುತ್ತದೆ. ಕೂಡಲೇ ನಮಗೆ ತೋಚುವುದು ಒಂದೇ: ಕಿತ್ತು ಹೊಸಕುವುದು.

ನಾನೂ ಹಾಗೆಯೇ ಮಾಡುತ್ತಿದ್ದೆ. ಆ ಮೇಲೆ ಒಂದು ಮಳೆಗಾಲದಲ್ಲಿ ಮಗಳು ಹಟ ಹಿಡಿದು ಒಂದು ಹುಳವನ್ನು ಉಳಿಸಿಕೊಂಡಳು. ಅದು ಏನಾಯಿತೆಂದು ಕಣ್ಣಾರೆ ಕಂಡ ಮೇಲೆ, ಹಿಂದೆ ಕೊಂದ ಹುಳಗಳ ಲೆಕ್ಕ ನೆನಪಾಗಿ ಮನಸ್ಸಿಗೆ ಕೆಡುಕೆನಿಸಿತು.

ಆ ಹುಳ ನಿಂಬೆ ಚಿಟ್ಟೆಯ ಮರಿ. ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆಗಳು, ಹಿಂದಿನ ರೆಕ್ಕೆಯ ತುದಿಯಲ್ಲಿ ಒಂದು ಕೆಂಪು ಬೊಟ್ಟು, ಇದೇ ಅದರ ಗುರುತು. ತಾಯಿಚಿಟ್ಟೆ ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕದಾದ, ತಿಳಿ ಹಳದಿಯ ಮೊಟ್ಟೆಯನ್ನು ಅಂಟಿಸಿ ಹೋಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮರಿ ಹೊರಬರುತ್ತದೆ. ಮೊದಮೊದಲು ಅದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಿಕ್ಕೆಯನ್ನು ಯಾವ ಹಕ್ಕಿ ತಿಂದೀತು? ದೊಡ್ಡದಾದ ಮೇಲೆ ಎಲೆಯಂತೆಯೇ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲುಕೊಂಬನ್ನು ಹೊರಚಾಚಿ ಘಾಟುವಾಸನೆ ಬಿಡುತ್ತದೆ. ಹೆದರಬೇಕಾಗಿಲ್ಲ, ಅದು ಕಚ್ಚುವುದಿಲ್ಲ.

ಸುಮಾರು ಎರಡು ವಾರ ತಿಂದ ಮೇಲೆ ಹುಳ ಕಡ್ಡಿಯೊಂದನ್ನು ಹಿಡಿದು, ಗಿರಣಿಯ ನೂಲಿಗಿಂತಲೂ ಸಣ್ಣ ಎಳೆಯಿಂದ ಸೊಂಟ ಬಿಗಿದುಕೊಂಡು ಕೋಶವಾಗುತ್ತದೆ. ಹಸಿರೆಲೆಗಳ ನಡುವೆ ಕೋಶ ಹಸಿರು, ಒಣ ಕಟ್ಟಿಗೆಯ ಮೇಲಾದರೆ ಕಂದು. ಸಾಮಾನ್ಯವಾಗಿ ಇನ್ನೊಂದು ವಾರ ಹತ್ತು ದಿನಕ್ಕೆ ಚಿಟ್ಟೆ ಹೊರಬರುತ್ತದೆ.

ಹೂವಿನ ಮಧುವನ್ನು ಚಿಟ್ಟೆ ಎಲ್ಲಿಂದಲಾದರೂ ಕುಡಿದೀತು. ಆದರೆ ಅದರ ಮರಿ ಸಿಕ್ಕಿದ್ದನ್ನೆಲ್ಲ ತಿನ್ನುವುದಿಲ್ಲ. ನಮ್ಮ ಮೈಸೂರು ಸೀಮೆಯ ರೇಷ್ಮೆ ಹುಳುವಿಗೆ ಹಿಪ್ಪುನೇರಳೆಯೇ ಬೇಕಾಗುವಂತೆ, ನಿಂಬೆ ಚಿಟ್ಟೆಯ ಮರಿಗೆ ಕರಿಬೇವು, ನಿಂಬೆ, ಬಿಲ್ವಗಳೇ ಬೇಕು. ಇವು ಮೂರೂ ಒಂದೇ ಕುಟುಂಬದ ಸಸ್ಯಗಳು. ತಾಯಿಚಿಟ್ಟೆ ಎಲೆಯನ್ನು ಮುಂಗಾಲಿನಿಂದ ತಟ್ಟಿ, ಕಾಲಿನಿಂದಲೇ ರುಚಿ ನೋಡಿ, ಸರಿಯಾದ ಗಿಡವೆಂದು ಖಾತ್ರಿಯಾದ ಮೇಲೆಯೇ ಮೊಟ್ಟೆಯಿಡುತ್ತದೆ.

ಇನ್ನೊಂದು ಉದಾಹರಣೆ ಎಕ್ಕದ ಗಿಡ. ನಾವು ರಥಸಪ್ತಮಿಯ ಸ್ನಾನಕ್ಕೆ ಅದರ ಎಲೆ ಹುಡುಕುತ್ತೇವೆ. ಇಲ್ಲಿನವರು ‘ಆಕಡೋ’ ಎಂದು ಕರೆದು ಶನಿವಾರ ಹನುಮಂತನಿಗೆ ಅದರ ಹೂವಿನ ಹಾರ ಹಾಕುತ್ತಾರೆ. ಅದರ ಹಾಲು ವಿಷ. ಮಕ್ಕಳ ಕಣ್ಣಿಗೆ ತಾಗಬಾರದು. ಆದರೂ ‘ಪ್ಲೇನ್ ಟೈಗರ್’ ಎಂಬ ಕಿತ್ತಳೆ ಬಣ್ಣದ ಚಿಟ್ಟೆಯ ಪಟ್ಟೆಪಟ್ಟೆ ಮರಿಗೆ ಅದೇ ಊಟ. ತಿಂದ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುವುದರಿಂದ, ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೆ ಅದರ ತಂಟೆಗೆ ಬರುವುದಿಲ್ಲ. ವಿಷವಿಲ್ಲದ ಬೇರೊಂದು ಜಾತಿಯ ಹೆಣ್ಣುಚಿಟ್ಟೆ ಇದರದೇ ವೇಷ ತೊಟ್ಟು ಬದುಕಿಕೊಳ್ಳುತ್ತದೆ! ಬೇಸಗೆಯಲ್ಲಿ ಹಳದಿ ಗೊಂಚಲು ಬಿಡುವ ಕಕ್ಕೆ, ಎಂದರೆ ಇಲ್ಲಿನ ‘ಗರಮಾಳೋ’ ಮರದ ಎಲೆ, ‘ಎಮಿಗ್ರಂಟ್’ ಎಂಬ ತಿಳಿಹಳದಿ ಚಿಟ್ಟೆಯ ಮರಿಗಳಿಗೆ ಆಹಾರ. ಆ ಇಂಗ್ಲಿಷ್ ಹೆಸರಿನ ಅರ್ಥ ವಲಸೆಗಾರ. ಅದು ನಮಗೂ ಒಪ್ಪುವ ಹೆಸರೇ.

ಇದನ್ನು ಕಾಣಲು ದೊಡ್ಡ ವಿದ್ಯೆ ಬೇಕಿಲ್ಲ. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯನ್ ಎಂಬಾಕೆ ಹದಿಮೂರನೆಯ ವಯಸ್ಸಿಗೇ ರೇಷ್ಮೆ ಹುಳು ಸಾಕಿ ನೋಡಿದವಳು. ಹುಳಗಳು ಕೆಸರಿನಿಂದ ತಾವಾಗಿ ಹುಟ್ಟುತ್ತವೆಂದು ಅನೇಕರು ನಂಬಿದ್ದ ಕಾಲವದು. 1679ರಲ್ಲಿ ಆಕೆ ಪ್ರಕಟಿಸಿದ ಪುಸ್ತಕದಲ್ಲಿ, ಹುಳ, ಕೋಶ, ಚಿಟ್ಟೆಗಳನ್ನು ಅವು ತಿನ್ನುವ ಗಿಡದೊಡನೆಯೇ ಚಿತ್ರಿಸಿ ತೋರಿಸಿದಳು. ಅವಳ ಬಂಡವಾಳ ತಾಳ್ಮೆ ಮತ್ತು ಕಣ್ಣು.

ಹಾಗಾದರೆ ಒಗ್ಗರಣೆಗೆ ಏನು ಗತಿ? ಸಣ್ಣ ಕುಂಡದ ಗಿಡವನ್ನು ಐದಾರು ಹುಳಗಳು ಬೋಳು ಮಾಡಿಬಿಡುವುದು ನಿಜ. ಒಂದೆರಡನ್ನು ಉಳಿಸಿ, ಉಳಿದವನ್ನು ಎಲೆಸಮೇತ ಹತ್ತಿರದ ನಿಂಬೆ ಗಿಡಕ್ಕೆ ಸಾಗಿಸಿರಿ. ಸಾಧ್ಯವಾದರೆ ಇನ್ನೊಂದು ಡಬ್ಬದಲ್ಲಿ ನಿಂಬೆಯ ಬೀಜ ಊರಿ, ಅದನ್ನು ಚಿಟ್ಟೆಗಳ ಪಾಲಿಗೆ ಬಿಡಿರಿ. ಬೇರು ಗಟ್ಟಿಯಿದ್ದರೆ ಬೋಳಾದ ಕರಿಬೇವು ಮತ್ತೆ ಚಿಗುರುತ್ತದೆ. ಹುಳದ ಔಷಧಿ ಮಾತ್ರ ಹೊಡೆಯಬೇಡಿರಿ. ಆ ಎಲೆ ಕೊನೆಗೆ ನಮ್ಮ ಸಾರಿಗೇ ಬೀಳುವಂಥದು.

ಮನೆಯ ಮಕ್ಕಳಿಗೆ ಒಂದು ನೋಟುಪುಸ್ತಕ ಕೊಡಿರಿ. ಮೊಟ್ಟೆ ಕಂಡ ದಿನ, ಹುಳ ಹಸಿರಾದ ದಿನ, ಕೋಶವಾದ ದಿನ, ಚಿಟ್ಟೆ ಹಾರಿದ ದಿನ, ಇಷ್ಟನ್ನು ಬರೆದಿಡಲಿ. ಎಲ್ಲ ಹುಳಗಳೂ ಚಿಟ್ಟೆಯಾಗುವುದಿಲ್ಲ. ಕೆಲವನ್ನು ಹಕ್ಕಿ, ಕೆಲವನ್ನು ಕಣಜ ಮುಗಿಸುತ್ತವೆ. ಅದನ್ನೂ ಬರೆಯಲಿ. ಮಳೆಗಾಲ ಮುಗಿದ ಮೇಲೆ ಆ ಪುಸ್ತಕಗಳನ್ನು ವಾಚನಾಲಯಕ್ಕೆ ತಂದರೆ ನಾಲ್ಕು ಮನೆಯ ಲೆಕ್ಕ ಕೂಡಿಸಿ ನೋಡೋಣ.